ಹಾಡಿಗೆ ಉಸಿರು ಬೇಕು
(ಖಾನಾಪುರದಲ್ಲಿ ಹಂಚಿನ ಕಾರ್ಮಿಕರೆದುರು ಮಾಡಿದ ಭಾಷಣ)



ಬೆಳಗಾವಿಯ ಹತ್ತಿರದ ಸುಳೇಭಾವಿ ನೇಕಾರರ ಊರು. 1924ರಲ್ಲಿ ಅಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠರೇ ಕುಮಾರ ಗಂಧರ್ವರು. ಪ್ರಾಯದಲ್ಲೇ ಕ್ಷಯ ಬಂದು ಅವರ ಒಂದು ಪುಪ್ಪುಸ ಕೆಟ್ಟಿತು. ಮಾಳವದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಮಲಗಿದಲ್ಲೇ ಹಳ್ಳಿಗರ ಹಾಡು ಕೇಳಿದರು. ಅವುಗಳಿಂದ ಹೊಸ ರಾಗಗಳನ್ನು ಕಟ್ಟಿದರು. ಆಗತಾನೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಅವರನ್ನು ಉಳಿಸಿತು.

ಕಬೀರ, ಸೂರದಾಸ, ಮೀರಾ ಪದಗಳ ಅವರ ‘ತ್ರಿವೇಣಿ’ ರೆಕಾರ್ಡನ್ನು ಒಮ್ಮೆ ಕೇಳಿರಿ. ಚಿಕ್ಕ ಚಿಕ್ಕ ಉಸಿರಿನಲ್ಲೇ ಎಂಥ ಎತ್ತರ!

ಆ ವಿಶ್ರಾಂತಿ ಸಿಗದಿದ್ದರೆ ಆ ಹಾಡೆಲ್ಲಿ? ಹತ್ತಿಯ, ಮಣ್ಣಿನ ಧೂಳು ನುಂಗುವವರು ನಾವು. ಕ್ಷಯದ ಔಷಧ ಇಂದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ದಿನಗೂಲಿಯವನಿಗೆ ಮಲಗಿದ ದಿನದ ಕೂಲಿ ಕೊಡುವವರಾರು? ಅದನ್ನು ನಾವೇ ಕೂಡಿ ಕೇಳಬೇಕು.