ಮುಟ್ಟಿನ ತೊಂದರೆಗೂ ನಿಧಿಯ ನೆರವು ಸಿಗಲಿ

(ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಡೊಂಬಿವಲಿಯ ಸದಸ್ಯೆಯೊಬ್ಬರು ಆಡಿದ ಮಾತುಗಳು)



ವೇದಿಕೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಅದರಲ್ಲೂ ಮುಟ್ಟಿನ ವಿಷಯ. "ಗಂಡಸರ ಮುಂದೆ ಇದನ್ನೆಲ್ಲ ಹೇಳಬೇಕಾ?" ಎಂದು ಅತ್ತೆ ಬೆಳಿಗ್ಗೆಯೂ ಕೇಳಿದರು. ಹೇಳಲೇಬೇಕು. ಅರ್ಜಿ ಮಂಜೂರು ಮಾಡುವವರು ನೀವೇ ಅಲ್ಲವೇ?

ನನಗೆ ಮುಟ್ಟು ಒಮ್ಮೆ 40 ದಿನಕ್ಕೆ, ಒಮ್ಮೆ 70 ದಿನಕ್ಕೆ ಬರುತ್ತಿತ್ತು. ಅದಕ್ಕಿಂತ ಕಷ್ಟವೆಂದರೆ ಅದಕ್ಕೆ ಮುಂಚಿನ ಎಂಟು ಹತ್ತು ದಿನ. ಸಣ್ಣ ಮಾತಿಗೆ ಸಿಟ್ಟು, ಕಾರಣವಿಲ್ಲದ ಅಳು, ನಿದ್ದೆಯಿಲ್ಲ. ಒಂದು ದಿನ ಮಗಳ ಊಟದ ಡಬ್ಬಿಯನ್ನು ಗೋಡೆಗೆ ಎಸೆದೆ. ಇನ್ನೊಂದು ದಿನ ಬದುಕೇ ಬೇಡವೆನಿಸಿತು. ಮುಟ್ಟಾಗಿ ಎರಡು ಮೂರು ದಿನಕ್ಕೆ ಮನಸ್ಸು ತಿಳಿಯಾಗುತ್ತಿತ್ತು. ಇವಳ ಸ್ವಭಾವವೇ ಹೀಗೆ ಎಂದರು ಮನೆಯವರು. ನಾನೂ ಹಾಗೇ ನಂಬಿದ್ದೆ.

ನೆರೆಮನೆಯ ಅಕ್ಕ ಒತ್ತಾಯ ಮಾಡಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅವರು ಕೂಡಲೇ ಮಾತ್ರೆ ಬರೆಯಲಿಲ್ಲ. ಎರಡು ಮುಟ್ಟಿನವರೆಗೆ ಪ್ರತಿದಿನ ಮನಸ್ಸು ಹೇಗಿತ್ತೆಂದು ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿದರು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ, ಸೋನೋಗ್ರಫಿ ಆಯಿತು. ಪಿಸಿಓಎಸ್ ಇದೆ, ಜೊತೆಗೆ ಪಿಎಂಡಿಡಿ ಎಂದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿದೆಯಂತೆ. ನನ್ನ ಸ್ವಭಾವವಲ್ಲ, ಕಾಯಿಲೆ ಎಂದು ಕೇಳಿ ಅಲ್ಲೇ ಅತ್ತುಬಿಟ್ಟೆ.

ನನಗೆ ಕೊಟ್ಟದ್ದು ಡ್ರೋಸ್ಪಿರೆನೋನ್ ಮತ್ತು ಈಸ್ಟ್ರೋಜನ್ ಸೇರಿದ ಮಾತ್ರೆ. 24 ದಿನ ಔಷಧಿ, 4 ದಿನ ಖಾಲಿ ಮಾತ್ರೆ. ಗರ್ಭನಿರೋಧಕ ಮಾತ್ರೆಯೇ ಇದು. ಹಾರ್ಮೋನಿನ ಏರಿಳಿತ ತಗ್ಗಿಸುತ್ತದೆ, ಮುಟ್ಟನ್ನು ಕ್ರಮಕ್ಕೆ ತರುತ್ತದೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುವ ಅಪಾಯವಿದೆ, ಅದನ್ನೂ ತಡೆಯುತ್ತದೆ. ಆದರೆ ನನ್ನ ಮಾತು ಕೇಳಿ ಯಾರೂ ಅಂಗಡಿಯಿಂದ ತಂದು ನುಂಗಬೇಡಿ. ಬಿಪಿ ಇದ್ದವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಕಣ್ಣ ಮುಂದೆ ಮಿಂಚು ಕಾಣುವ ಮೈಗ್ರೇನ್ ಇದ್ದವರಿಗೆ ಇದು ಆಗದು. ಕೆಲವರಿಗೆ ಮನಸ್ಸು ಇನ್ನಷ್ಟು ಕೆಡಬಹುದು. ಅಂಥವರಿಗೆ ಬೇರೆ ಔಷಧಿ ಇದೆ.

ಮೊದಲ ತಿಂಗಳು ವಾಕರಿಕೆ, ಎರಡನೇ ತಿಂಗಳು ಸ್ವಲ್ಪ ನೆಮ್ಮದಿ. ಮೂರನೇ ತಿಂಗಳು ಮನೆ ಬಾಡಿಗೆ, ಮಗಳ ಫೀಸು ಒಟ್ಟಿಗೆ ಬಂತು. ಮಾತ್ರೆ ನಿಲ್ಲಿಸಿದೆ. ಹಳೆಯ ದಿನಗಳು ಮರಳಿದವು. ಆಗ ನಮ್ಮ ನಿಧಿಯ ಫಾರ್ಮು ತಂದಿದ್ದೆ. "ಕಾಯಿಲೆಯ ವಿವರ" ಎಂಬಲ್ಲಿ ಪೆನ್ನು ನಿಂತಿತು. ಅರ್ಜಿ ಓದುವವರಲ್ಲಿ ನಮ್ಮ ಯಜಮಾನರು ಕೆಲಸ ಮಾಡುವ ಹೋಟೆಲಿನ ಧಣಿಗಳೂ ಇದ್ದರು. ಫಾರ್ಮನ್ನು ಮಡಿಸಿ ಡಬ್ಬದಡಿ ಇಟ್ಟೆ. ಕೊನೆಗೆ ಉಡುಪಿಯಿಂದ ಅಣ್ಣ ದುಡ್ಡು ಕಳಿಸಿದ. ಈಗ ಚೆನ್ನಾಗಿದ್ದೇನೆ. ಅಣ್ಣನಿಲ್ಲದವರು ಏನು ಮಾಡಬೇಕು?

ನಿಧಿ ಹೃದಯದ ಆಪರೇಷನ್ನಿಗೆ, ಡಯಾಲಿಸಿಸ್‌ಗೆ ಕೊಡುತ್ತದೆ, ಕೊಡಲೇಬೇಕು. ನನ್ನ ಕೋರಿಕೆ ಎರಡೇ. ಆಸ್ಪತ್ರೆಗೆ ಸೇರದೆ ಪಡೆಯುವ ಇಂಥ ಚಿಕಿತ್ಸೆಯ ಪರೀಕ್ಷೆಗೆ, ಮೊದಲ ಆರು ತಿಂಗಳ ಮಾತ್ರೆಗೆ ನೆರವು ಕೊಡಿ. ಹೆಂಗಸರ ಅರ್ಜಿಯನ್ನು ಒಬ್ಬ ಮಹಿಳಾ ಸದಸ್ಯೆ ಮಾತ್ರ ಓದಲಿ, ಸಮಿತಿಗೆ ಹೆಸರಿಲ್ಲದೆ ಮೊತ್ತವಷ್ಟೇ ತಿಳಿಯಲಿ.

ದಾನಿಗಳೇ, ನೀವು ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೆಂದು ಬರೆದುಕೊಡಿ. ನನ್ನ ಕಡೆಯಿಂದ ಮೊದಲ 500 ರೂಪಾಯಿಯನ್ನು ಖಜಾಂಚಿಯವರಿಗೆ ಒಪ್ಪಿಸುತ್ತಿದ್ದೇನೆ.