ಬೆಳಕು ಬೇಕು, ಬಿಸಿ ಬೇಡ

ಮಕ್ಕಳೇ, ಶುಕ್ರವಾರದ ರಜೆಗೆ ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನಿಂದ ಅಬಹಾ ದಾಟಿ ಸೂದಾ ಬೆಟ್ಟಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಅಪ್ಪನ ಫೋನಿನಲ್ಲಿ ಚಾರ್ಜ್ ಇಲ್ಲ. ಬ್ಯಾಗಿನಲ್ಲಿ ಪುಸ್ತಕದಂತೆ ಮಡಚಿಟ್ಟ ಸೋಲಾರ್ ಪ್ಯಾನೆಲ್ ಇದೆ. "ಇಲ್ಲಿ ಇಷ್ಟು ತಂಪಾಗಿದೆಯಲ್ಲ, ಚಾರ್ಜ್ ಆಗುತ್ತದೆಯೇ? ರಿಯಾದ್‌ನ ಉರಿಬಿಸಿಲೇ ಒಳ್ಳೆಯದಲ್ಲವೇ?" ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತೀರಿ. ಬಹಳ ಒಳ್ಳೆಯ ಪ್ರಶ್ನೆ ಅದು.

ಪ್ಯಾನೆಲ್‌ಗೆ ಬೇಕಾದದ್ದು ಸೂರ್ಯನ ಬೆಳಕು, ಸೂರ್ಯನ ಬಿಸಿಯಲ್ಲ. ಅದರೊಳಗೆ ಸಿಲಿಕಾನ್‌ನ ತೆಳುವಾದ ಬಿಲ್ಲೆಗಳಿವೆ. ಬೆಳಕು ಬಿದ್ದಾಗ ಸಿಲಿಕಾನ್‌ನ ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುತ್ತವೆ. ಬಿಲ್ಲೆಯ ಎರಡು ಪದರಗಳ ಗಡಿಯಲ್ಲಿರುವ ವಿದ್ಯುತ್ ಸೆಳೆತ ಅವನ್ನು ಒಂದೇ ದಿಕ್ಕಿಗೆ ಓಡಿಸುತ್ತದೆ. ಆ ಓಟವೇ ಕರೆಂಟ್. ಬಿಲ್ಲೆ ಕಾದರೆ ಎಲೆಕ್ಟ್ರಾನ್‌ಗಳು ಗಡಿ ದಾಟಿ ಹಿಂದಕ್ಕೆ ಸೋರುವುದು ಹೆಚ್ಚುತ್ತದೆ, ವೋಲ್ಟೇಜ್ ಇಳಿಯುತ್ತದೆ. ಬಿಲ್ಲೆಯ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶಕ್ತಿ ಸುಮಾರು ಶೇ. 0.4ರಷ್ಟು ಕುಗ್ಗುತ್ತದೆ. ರಿಯಾದ್‌ನಲ್ಲಿ ಬೇಸಿಗೆಯ ಗಾಳಿಯೇ 45 ಡಿಗ್ರಿ. ಬಿಸಿಲಿಗೆ ಹಾಸಿದ ಪ್ಯಾನೆಲ್ 70ರ ಹತ್ತಿರ ಕಾಯುತ್ತದೆ, ಆಗ ಹೆಚ್ಚುಕಡಿಮೆ ಐದನೇ ಒಂದು ಪಾಲು ಶಕ್ತಿ ಹೋಯಿತು!

ಖಮೀಸ್ ಮುಶೈತ್ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ಶಿಖರದಷ್ಟು ಎತ್ತರದಲ್ಲಿ ಅಲ್ಲೊಂದು ಇಡೀ ಪಟ್ಟಣವೇ ಇದೆ! ಸೂದಾ ಇನ್ನೂ ಮೇಲೆ, ಸುಮಾರು 3,000 ಮೀಟರ್. ಅಷ್ಟು ಎತ್ತರದಲ್ಲಿ ತಲೆಯ ಮೇಲಿನ ಗಾಳಿ ಕಡಿಮೆ, ಬೆಳಕನ್ನು ತಡೆಯುವುದೂ ಕಡಿಮೆ. ಬೆಳಕು ಹೆಚ್ಚು, ಬಿಸಿ ಕಡಿಮೆ: ಪ್ಯಾನೆಲ್‌ಗೆ ಇದಕ್ಕಿಂತ ಇನ್ನೇನು ಬೇಕು?

20 ವಾಟ್‌ನ ಪ್ಯಾನೆಲ್ ನಿಜವಾಗಿ 12ರಿಂದ 15 ವಾಟ್ ಕೊಟ್ಟೀತು. ಫೋನಿನ ಬ್ಯಾಟರಿ ತುಂಬಲು ಸುಮಾರು 15 ವಾಟ್-ಗಂಟೆ ಬೇಕು, ದಾರಿಯಲ್ಲಿ ಒಂದಿಷ್ಟು ಪೋಲೂ ಆಗುತ್ತದೆ. ಒಂದೂವರೆ ಗಂಟೆ ಒಳ್ಳೆಯ ಬಿಸಿಲು ಸಿಕ್ಕರೆ ಕೆಲಸ ಆಯಿತು.

ನೆರಳಿನ ಬಗ್ಗೆ ಮಾತ್ರ ತುಂಬಾ ಎಚ್ಚರ. ಒಂದು ಬಿಲ್ಲೆ ಕೊಡುವುದು ಅರ್ಧ ವೋಲ್ಟ್ ಅಷ್ಟೇ. ಹಾಗಾಗಿ ಹಲವನ್ನು ಸಾಲಾಗಿ ಜೋಡಿಸಿರುತ್ತಾರೆ. ಸೂದಾದ ಜುನಿಪರ್ ಮರದ ಒಂದು ಕೊಂಬೆಯ ನೆರಳು ಒಂದೇ ಬಿಲ್ಲೆಯ ಮೇಲೆ ಬಿದ್ದರೂ, ನೀರಿನ ಪೈಪನ್ನು ಒಂದು ಕಡೆ ತುಳಿದ ಹಾಗೆ, ಇಡೀ ಸಾಲಿನ ಕರೆಂಟ್ ಕುಗ್ಗಿಬಿಡುತ್ತದೆ. ಫೋನ್, ಪವರ್ ಬ್ಯಾಂಕ್‌ಗಳದ್ದು ತದ್ವಿರುದ್ಧ, ಅವಕ್ಕೆ ನೆರಳೇ ಒಳ್ಳೆಯದು. ಅವುಗಳ ಲಿಥಿಯಂ ಬ್ಯಾಟರಿ ಬಿಸಿಲಲ್ಲಿ ಕಾಯಬಾರದು. ಪ್ಯಾನೆಲ್ ಬಿಸಿಲಿಗಿರಲಿ, ವೈರ್ ಎಳೆದು ಫೋನನ್ನು ನೆರಳಿಗಿಡಿ. ಅಲ್ಲಿನ ಬಬೂನ್ ಕೋತಿಗಳ ಮೇಲೂ ಒಂದು ಕಣ್ಣಿರಲಿ!

1958ರಲ್ಲಿ ವ್ಯಾನ್‌ಗಾರ್ಡ್ 1 ಎಂಬ ಪುಟ್ಟ ಉಪಗ್ರಹ ಇಂಥದೇ ಸಿಲಿಕಾನ್ ಬಿಲ್ಲೆಗಳನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ಆ ಬಿಲ್ಲೆಗಳ ಬಲದಿಂದ ಅದರ ರೇಡಿಯೋ 1964ರವರೆಗೂ ಸದ್ದು ಮಾಡುತ್ತಲೇ ಇತ್ತು. ನಿಮ್ಮ ಕೈಯಲ್ಲಿರುವುದು ಅದೇ ವಿಜ್ಞಾನ.

ಬೇಸಿಗೆಯಲ್ಲಿ ಸೂದಾ ಇರುವ ಅಸೀರ್ ಬೆಟ್ಟಗಳ ಮೇಲೆ ಮಧ್ಯಾಹ್ನದ ನಂತರ ಮೋಡ ಕಟ್ಟುವುದುಂಟು, ಗುಡುಗು ಮಳೆಯೂ ಬರುತ್ತದೆ. ಆದ್ದರಿಂದ ಬೆಳಿಗ್ಗೆಯೇ ಪ್ಯಾನೆಲನ್ನು ಪೂರ್ವಕ್ಕೆ ವಾಲಿಸಿಡಿ. ಸೂರ್ಯ ಏರಿದಂತೆ ಆಗಾಗ ಅವನತ್ತ ತಿರುಗಿಸುತ್ತಿರಿ.