ಅಜ್ಜಿಯ ಹೆಪ್ಪು, ಜಾತ್ರೆಯ ಐಸು

ಮಕ್ಕಳೇ, ಇವತ್ತು ಬೆಳಿಗ್ಗೆ ಯಾರ್ಯಾರ ಮನೇಲಿ ಇಡ್ಲಿ, ದೋಸೆ ಮಾಡಿದ್ರು? ತಿಂದವರೆಲ್ಲ ಅಮ್ಮನ ಜೊತೆಗೆ ಇನ್ನೂ ಕೋಟಿಗಟ್ಟಲೆ ಪುಟಾಣಿ ಅಡುಗೆಯವರಿಗೆ ಥ್ಯಾಂಕ್ಸ್ ಹೇಳ್ಬೇಕು. ಅವರು ಕಣ್ಣಿಗೆ ಕಾಣಿಸಲ್ಲ. ಅವರೇ ಸೂಕ್ಷ್ಮಜೀವಿಗಳು.

ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಕ್ಕಿ ಬಂದಿರುತ್ತೆ, ಅಲ್ವಾ? ಅಕ್ಕಿ, ಉದ್ದಿನಬೇಳೆಯ ಜೊತೆ ಬಂದ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿರುವ ಸಕ್ಕರೆ ಅಂಶವನ್ನು ತಿಂದು ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಆಮ್ಲದಿಂದ ಹಿಟ್ಟಿಗೆ ಹುಳಿ ಬರುತ್ತೆ, ಅನಿಲದಿಂದ ಹಿಟ್ಟು ಉಬ್ಬುತ್ತೆ. ಚಳಿಗಾಲದಲ್ಲಿ ಅವುಗಳ ಕೆಲಸ ನಿಧಾನ. ಅದಕ್ಕೇ ಅಮ್ಮ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿ ಇಡೋದು.

ನಮ್ಮಜ್ಜಿ ಹಾಲಿಗೆ ಹೆಪ್ಪು ಹಾಕುವ ಮೊದಲು ಪಾತ್ರೆಯ ಹೊರಗೆ ಕೈಯಿಟ್ಟು ನೋಡೋರು. ಉಗುರುಬೆಚ್ಚಗಿದ್ದರೆ ಮಾತ್ರ ಒಂದು ಚಮಚ ಮೊಸರು ಹಾಕೋರು. ಹಾಲು ತುಂಬ ಬಿಸಿ ಇದ್ದರೆ ಮೊಸರಿನ ಬ್ಯಾಕ್ಟೀರಿಯಾಗಳು ಸತ್ತುಹೋಗುತ್ತವೆ. ಅಜ್ಜಿ ಶಾಲೆಗೆ ಹೋದವರಲ್ಲ, ಆದರೆ ಈ ಲೆಕ್ಕ ಅವರಿಗೆ ಪಕ್ಕಾ ಗೊತ್ತಿತ್ತು.

ಈ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. ತಾನೇ ಮಾಡಿಕೊಂಡ ಮಸೂರದಲ್ಲಿ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ನೋಡಿದ. ಏನಿತ್ತು ಗೊತ್ತಾ? ಓಡಾಡುವ ಪುಟ್ಟ ಪುಟ್ಟ ಜೀವಿಗಳು!

ಹಾಗಾದ್ರೆ ಎಲ್ಲವೂ ಒಳ್ಳೆಯವೇ? ಇಲ್ಲ. ನನ್ನದೇ ಕಥೆ ಹೇಳ್ತೀನಿ. ನನಗಾಗ ಒಂಬತ್ತು ವರ್ಷ. ಊರ ಜಾತ್ರೆಯಲ್ಲಿ ಅಜ್ಜಿ ಬೇಡ ಅಂದ್ರೂ ಕೇಳದೆ ಬಣ್ಣದ ಐಸು ತಿಂದೆ. ಐಸಿನಲ್ಲಿ ರೋಗಾಣು ಇರಲ್ಲ ಅಂದ್ಕೊಂಡಿದ್ದೆ. ಆದರೆ ಕೊಳಕು ನೀರನ್ನು ಐಸು ಮಾಡಿದ ಮಾತ್ರಕ್ಕೆ ಅದರಲ್ಲಿರುವ ರೋಗಾಣುಗಳೆಲ್ಲ ಸಾಯಲ್ಲ. ಚೆನ್ನಾಗಿ ಕುದಿಸಿದರೆ ಸಾಯುತ್ತವೆ.

ಮರುದಿನ ವಾಂತಿ, ಭೇದಿ. ಸಂಜೆ ಹೊತ್ತಿಗೆ ನಾಲಿಗೆ ಒಣಗಿ, ಎದ್ದು ನಿಲ್ಲೋಕೂ ಆಗ್ಲಿಲ್ಲ. ಡಾಕ್ಟರು ಹೇಳಿದ್ರು, ‘ಮೈಯ ನೀರು, ಉಪ್ಪು ಎರಡೂ ಹೋಗಿದೆ. ತಡ ಮಾಡಿದ್ರೆ ಜೀವಕ್ಕೇ ಅಪಾಯ.’ ಅವರು ಹೇಳಿದಂತೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ರು. ‘ಒಂದೇ ಗುಟುಕು ಕುಡಿ ಮಗಾ’ ಅಂತ ಅಜ್ಜಿ ರಾತ್ರಿಯೆಲ್ಲ ಚಮಚದಲ್ಲಿ ಕುಡಿಸಿದ್ರು. ಬೈತಾರೆ ಅಂತ ಹೆದರಿದ್ದೆ. ಒಂದು ಮಾತೂ ಬೈಲಿಲ್ಲ. ಹುಷಾರಾದ ಮೇಲೆ ಅವರು ಕಲಸಿಕೊಟ್ಟ ಮೊಸರನ್ನದ ರುಚಿ ಇನ್ನೂ ನೆನಪಿದೆ.

ನೋಡಿ, ನನ್ನನ್ನು ಮಲಗಿಸಿದ್ದೂ ಸೂಕ್ಷ್ಮಜೀವಿಯೇ, ಆ ಮೊಸರು ಮಾಡಿದ್ದೂ ಸೂಕ್ಷ್ಮಜೀವಿಯೇ. ಎಲ್ಲವನ್ನೂ ಕೊಲ್ಲೋದು ನಮ್ಮ ಕೆಲಸ ಅಲ್ಲ. ಕೆಟ್ಟವು ಬಾಯಿಗೆ ಹೋಗದ ಹಾಗೆ ನೋಡ್ಕೋಬೇಕು, ಅಷ್ಟೇ. ಊಟಕ್ಕೆ ಮುಂಚೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ. ಬೂಷ್ಟು ಬಂದ ಬ್ರೆಡ್ಡನ್ನು ಪೂರ್ತಿ ಬಿಸಾಕಿ. ಬೂಷ್ಟಿನ ಎಳೆಗಳು ಕಾಣದಂತೆ ಒಳಗೂ ಹಬ್ಬಿರುತ್ತವೆ.

ಇವತ್ತಿಗೆ ಒಂದು ಮನೆಗೆಲಸ. ಎರಡು ಬಟ್ಟಲು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ. ಒಂದನ್ನು ಅಡುಗೆಮನೇಲಿ, ಇನ್ನೊಂದನ್ನು ಫ್ರಿಜ್ಜಿನಲ್ಲಿ ಇಡಿ. ಬೆಳಿಗ್ಗೆ ಯಾವುದು ಮೊಸರಾಗಿದೆ, ಯಾಕೆ, ಅಂತ ಮನೆಯವರಿಗೆ ನೀವೇ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ಲಾ?